ಟೈರಾಭ್ಯಂಜನ ಮೀಮಾಂಸೆ

ಶೀರ್ಷಿಕೆಯಲ್ಲೇ ಎರಡು ದೋಷಗಳಿವೆ. ಬೇರೆಯವರು ಎತ್ತಿ ಆಡುವ ಮೊದಲು ನಾನೇ ಒಪ್ಪಿಕೊಂಡುಬಿಡುತ್ತೇನೆ. ‘ಟೈರು’ ಮತ್ತು ‘ಅಭ್ಯಂಜನ’ ಕೂಡಿದರೆ ಲೋಪಸಂಧಿಯಾಗಿ ‘ಟೈರಭ್ಯಂಜನ’ ಎಂದಾಗಬೇಕು. ಇಂಗ್ಲಿಷಿನ ಗಂಡಿಗೆ ಸಂಸ್ಕೃತದ ಹೆಣ್ಣನ್ನು ತಂದು ಗಂಟುಹಾಕಿದ್ದರಿಂದ ಅರಿಸಮಾಸವೂ ಆಯಿತು. ಮೈಸೂರಿನ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಇಂಥ ಪದಗಳ ಅಡಿಗೆ ಕೆಂಪು ಗೆರೆ ಎಳೆದವನು ನಾನು. ಆದರೂ ದೀರ್ಘವನ್ನು ಉಳಿಸಿಕೊಂಡಿದ್ದೇನೆ. ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು ತಿಕ್ಕಿದವರಿಗೆ ಗೊತ್ತು, ಆ ಕೆಲಸದಲ್ಲಿ ಹ್ರಸ್ವವಾದದ್ದು ಯಾವುದೂ ಇಲ್ಲ.

ಇನ್ನು ವಿಷಯಪ್ರವೇಶ. ಮನುಷ್ಯನ ಅಭ್ಯಂಜನದಲ್ಲಿ ಮೊದಲು ಎಣ್ಣೆ, ಆಮೇಲೆ ಸೀಗೆಪುಡಿ, ಬಿಸಿನೀರು. ಟೈರಿನದು ತದ್ವಿರುದ್ಧ. ಮೊದಲು ಉಜ್ಜಿ ತೊಳೆಯಬೇಕು, ಕಡೆಗೆ ಎಣ್ಣೆ. ಅಂದರೆ ಅಂಗಡಿಯವರು ಟೈರ್ ಪಾಲಿಶ್ ಎಂದು ಕೊಡುವ ಬಾಟಲಿ. ನರಕಚತುರ್ದಶಿಯ ಅಭ್ಯಾಸಬಲವೋ ಏನೋ, ನಮ್ಮ ಬಡಾವಣೆಯಲ್ಲಿ ಟೈರಿಗೂ ಎಣ್ಣೆಯೇ ಮೊದಲು. ಆಮೇಲೆ ತೊಳೆಯುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಇವರನ್ನು ಲೇಪಪೂರ್ವವಾದಿಗಳೆಂದು ಕರೆಯೋಣ. ಎದುರು ಪಂಥ ಸ್ನಾನಪೂರ್ವವಾದಿಗಳದು. ಇವರ ಸಂಖ್ಯೆ ಸದ್ಯಕ್ಕೆ ಒಂದು.

ಪೂರ್ವಪಕ್ಷವನ್ನು ಅದರ ಪೂರ್ಣಬಲದಲ್ಲಿ ಮಂಡಿಸುವುದು ಶಾಸ್ತ್ರಮರ್ಯಾದೆ. ಲೇಪಪೂರ್ವವಾದದ ಆಚಾರ್ಯರು ನಮ್ಮ ಎದುರುಮನೆಯ ನಿವೃತ್ತ ಇಂಜಿನಿಯರು. ಅವರು ತಮ್ಮ ಬಿಳಿ ಕಾರಿನ ಟೈರಿಗೆ ಧೂಳಿನ ಮೇಲೇ ಪಾಲಿಶ್ ಸಿಂಪಡಿಸುತ್ತಾ ಒಂದು ಬೆಳಿಗ್ಗೆ ಉಸುರಿದ ಸೂತ್ರ ಇದು: “ಕರೀ ಟೈರಿಗೆ ಎಂಥ ಕೊಳೆ ಮೇಷ್ಟ್ರೇ? ಕಂಡರೆ ತಾನೇ ತೊಳೆಯೋದು?” ಸೂತ್ರ ಎಂದರೆ ಹೀಗಿರಬೇಕು. ಎರಡೇ ವಾಕ್ಯ, ಬಕೆಟ್ಟು, ಬ್ರಷ್ಷು, ಬೆನ್ನುನೋವು ಮೂರನ್ನೂ ಒಟ್ಟಿಗೆ ನಿವಾರಿಸುವಂಥದ್ದು.

ಉತ್ತರಪಕ್ಷವು ಕಪ್ಪಿನ ಇತಿಹಾಸದಿಂದ ಹೊರಡಬೇಕು. ಟೈರು ಹುಟ್ಟಾ ಕಪ್ಪಲ್ಲ. ರಬ್ಬರಿನ ಹಾಲು ಹೆಸರಿಗೆ ತಕ್ಕಂತೆ ಹಾಲುಬಣ್ಣದ್ದು. ಅದು ಬಿಸಿಲಿಗೆ ಅಂಟಾಗಿ ಚಳಿಗೆ ಸೆಟೆದುಕೊಳ್ಳುತ್ತಿದ್ದ ಕಾಲದಲ್ಲಿ, 1839ರಲ್ಲಿ, ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿ ಅದಕ್ಕೊಂದು ಸ್ಥಿರಬುದ್ಧಿ ತಂದ. (ಆತ 1860ರಲ್ಲಿ ಸಾಲ ಹೊತ್ತುಕೊಂಡೇ ತೀರಿಕೊಂಡ. ಅವನ ಹೆಸರಿನ ಕಂಪನಿ ಶುರುವಾದದ್ದು 1898ರಲ್ಲಿ. ಅದಕ್ಕೂ ಅವನ ಮನೆತನಕ್ಕೂ ಸಂಬಂಧವಿಲ್ಲ. ನಮ್ಮ ಎಷ್ಟೋ ರಸ್ತೆ, ಸರ್ಕಲ್ಲುಗಳ ಕಥೆಯೂ ಹೀಗೇ.) ಗಾಳಿ ತುಂಬಿದ ಚಕ್ರಕ್ಕೆ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದ. ಜನ ಅದನ್ನು ಮರೆತ ಮೇಲೆ 1888ರಲ್ಲಿ ಡನ್‌ಲಪ್ ಎಂಬ ಪಶುವೈದ್ಯ ಮಗನ ಮೂರುಗಾಲಿ ಸೈಕಲ್ಲಿಗೆಂದು ಮತ್ತೆ ಕಂಡುಹಿಡಿದ. ಆಗಿನ ಟೈರುಗಳು ಸತುವಿನ ಆಕ್ಸೈಡ್ ಸೇರಿ ಬಿಳುಪಾಗಿಯೇ ಇರುತ್ತಿದ್ದವು. ಇಪ್ಪತ್ತನೆಯ ಶತಮಾನ ಶುರುವಾದ ಮೇಲೆ ಕಾರ್ಬನ್ ಬ್ಲ್ಯಾಕ್, ಅಂದರೆ ಶಾಸ್ತ್ರೋಕ್ತವಾಗಿ ತಯಾರಿಸಿದ ಮಸಿ, ಬೆರೆಸಿದರೆ ರಬ್ಬರು ಬೇಗ ಸವೆಯುವುದಿಲ್ಲವೆಂದು ತಿಳಿದು ಟೈರು ಕಪ್ಪಾಯಿತು. ಕಪ್ಪು ಅದರ ಜಾತಿಯಲ್ಲ, ಸಂಸ್ಕಾರ. ಸಂಸ್ಕಾರವನ್ನೇ ಕೊಳೆಯೆಂದು, ಕೊಳೆಯನ್ನೇ ಸಂಸ್ಕಾರವೆಂದು ಬಗೆಯುವುದು ಇಂಜಿನಿಯರುಗಳಿಗೆ ಮಾತ್ರ ಒದಗುವ ಭ್ರಮೆಯೇನಲ್ಲ. ಆದ್ದರಿಂದ ಇಲ್ಲಿ ಹೆಚ್ಚು ಬೆಳೆಸುವುದಿಲ್ಲ.

ಈ ಎರಡು ಪಂಥಗಳ ನಡುವೆ ಡೀಸೆಲ್ ಪಂಥವೊಂದಿದೆ. ವಾಟರ್ ಸರ್ವಿಸ್ ಮಾಡುವ ಕೆಲವು ಕಡೆ ಹಳೇ ಇಂಜಿನ್ ಆಯಿಲನ್ನೋ ಡೀಸೆಲ್ಲನ್ನೋ ಚಿಂದಿಬಟ್ಟೆಯಲ್ಲಿ ಅದ್ದಿ ಟೈರಿಗೆ ಒರೆಸಿ, ಲಾರಿಯನ್ನು ಮದುವಣಗಿತ್ತಿಯಂತೆ ಕಳಿಸಿಕೊಡುತ್ತಾರೆ. ಪೆಟ್ರೋಲಿಯಂ ಎಣ್ಣೆ ರಬ್ಬರಿನೊಳಕ್ಕೆ ಇಳಿದು ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಇದು ಅಭ್ಯಂಜನವಲ್ಲ, ಉಪ್ಪಿನಕಾಯಿ ಹಾಕುವ ವಿಧಾನ. ಖಂಡನೆಗೆ ಇಷ್ಟು ಸಾಕು.

ಈಗ ಪ್ರಮಾಣ ವಿಚಾರ. ಶಾಸನತಜ್ಞರು ಕಲ್ಲಿನ ಪಡಿಯಚ್ಚು ತೆಗೆಯುವುದನ್ನು ನೋಡಿದ್ದೀರಾ? ಮೊದಲು ಕಲ್ಲನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯುತ್ತಾರೆ. ಅಕ್ಷರದ ತಗ್ಗಿನಲ್ಲಿರುವ ಮಣ್ಣು, ಪಾಚಿ ಹೋದ ಮೇಲೇ ಒದ್ದೆ ಕಾಗದ, ಆಮೇಲೇ ಮಸಿ. ತೊಳೆಯದೆ ಮಸಿ ಒತ್ತಿದರೆ ಪಾಚಿಯೂ ಒಂದು ಒತ್ತಕ್ಷರವಾಗಿ ಮೂಡಿ, ಅದರ ಮೇಲೆ ಇಬ್ಬರು ಪಿಎಚ್.ಡಿ. ಮಾಡಿಬಿಡುವ ಅಪಾಯವಿದೆ. ಟೈರಿನ ಪಕ್ಕೆಯೂ ಶಾಸನವೇ. ಏಳು ವರ್ಷ ಓಡಿಸಿದ ನನ್ನ ಕಾರಿನ ಟೈರಿನಲ್ಲಿ ಬರಹವಿದೆ ಎಂಬುದೇ ಮೊದಲ ಸಲ ತಿಕ್ಕಿದ ದಿನ ನನಗೆ ಗೊತ್ತಾಯಿತು. ಮಣ್ಣು ಕರಗಿದಂತೆ ಒಂದೊಂದೇ ಅಕ್ಷರ ಎದ್ದುಬಂತು: 185/65 ಆರ್15 88ಎಚ್. ವ್ಯಾಖ್ಯಾನ ಹೀಗೆ. ಅಗಲ 185 ಮಿಲಿಮೀಟರು, ಪಕ್ಕೆಯ ಎತ್ತರ ಅದರ ಶೇಕಡಾ 65, ‘ಆರ್’ ಎಂದರೆ ರೇಡಿಯಲ್, ಒಳಗಿನ ರಿಮ್ಮು 15 ಇಂಚು. 88 ಎಂಬುದು ಒಂದು ಟೈರು ಹೊರಬಲ್ಲ 560 ಕಿಲೋ ಭಾರದ ಸಂಕೇತ. ‘ಎಚ್’ ಎಂದರೆ ಗಂಟೆಗೆ 210 ಕಿ.ಮೀ. ವೇಗಕ್ಕೂ ಸೈ ಎಂಬ ಬಿರುದು. ಕವಿಚಕ್ರವರ್ತಿ, ಉಭಯಭಾಷಾವಿಶಾರದ ಮುಂತಾದವುಗಳ ಹಾಗೆ, ಪಡೆದವನಿಗೆ ಉಪಯೋಗಕ್ಕೆ ಬರುವುದಿಲ್ಲ.

ಕೆಳಗೆ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ: 3519. ಇದು ಕಾಲೋಲ್ಲೇಖ. 2019ನೆಯ ಇಸವಿಯ 35ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಹೇಳಿದರೆ ನಂಬಬೇಕು, ಆ ನಾಲ್ಕು ಅಂಕಿ ಕಂಡಾಗ ರೋಮಾಂಚನವಾಯಿತು. ನಮ್ಮ ಪ್ರಾಚೀನ ಕವಿಗಳಲ್ಲಿ ಎಷ್ಟು ಜನ ವಾರದ ಸಮೇತ ಕಾಲ ಹೇಳಿದ್ದಾರೆ?

ನೀರು ಹಾಯಿಸಿದರೆ ಸಾಲದೇ, ಉಜ್ಜಲೇಬೇಕೇ ಎಂಬ ಪ್ರಶ್ನೆ ಬರುತ್ತದೆ. ಉಜ್ಜಲೇಬೇಕು. ಏಕೆಂದರೆ ಕೊಳೆಯಲ್ಲಿ ಹೊರಗಿನಿಂದ ಬಂದದ್ದು, ಒಳಗಿನಿಂದ ಬಂದದ್ದು ಎಂದು ಎರಡು ಬಗೆ. ರಸ್ತೆಯ ಧೂಳು, ಟಾರಿನ ಜಿಡ್ಡು, ಬ್ರೇಕ್ ಸವೆದು ಉದುರಿದ ಕಬ್ಬಿಣದ ಪುಡಿ ಹೊರಗಿನವು. ಒಳಗಿನದು ಸ್ವಾರಸ್ಯದ್ದು. ಗಾಳಿಯಲ್ಲಿರುವ ಓಜೋನ್ ರಬ್ಬರನ್ನು ಬಿರಿಸುತ್ತದೆಂದು ಟೈರು ಮಾಡುವವರು 6ಪಿಪಿಡಿ ಎಂಬ ರಾಸಾಯನಿಕವನ್ನು ಮೊದಲೇ ಬೆರೆಸಿರುತ್ತಾರೆ. ಅದು ಮೆಲ್ಲಗೆ ಒಳಗಿನಿಂದ ಮೇಲಕ್ಕೆ ಬಂದು, ರಬ್ಬರಿನ ಬದಲು ತಾನು ಓಜೋನಿಗೆ ತುತ್ತಾಗಿ ಕಂದಾಗುತ್ತದೆ. ಎಷ್ಟು ತೊಳೆದರೂ ತಿಂಗಳೊಪ್ಪತ್ತಿನಲ್ಲಿ ಟೈರು ಕಂದು ತಿರುಗುವುದು ಇದರಿಂದ. ಅದು ಕೊಳೆಯೂ ಹೌದು, ತ್ಯಾಗವೂ ಹೌದು. ಈ ತ್ಯಾಗಕ್ಕೆ ಇನ್ನೊಂದು ಮುಖವಿದೆ. ಅಮೆರಿಕದ ಪಶ್ಚಿಮ ಕರಾವಳಿಯ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೊ ಸಾಲ್ಮನ್ ಮೀನುಗಳು ಸಾಯುತ್ತಿದ್ದವು. ರಸ್ತೆಯ ಟೈರುಪುಡಿಯ ಜೊತೆ ಹರಿದುಬಂದ ಈ ವಸ್ತುವಿನ ವಿಕಾರವೇ ಅದಕ್ಕೆ ಕಾರಣವೆಂದು 2020ರಲ್ಲಿ ಪತ್ತೆಯಾಯಿತು. ಇದು ತಿಳಿದಂದಿನಿಂದ ಬಕೆಟ್ಟಿನ ನೀರು ಚೆಲ್ಲುವಾಗ ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ಮುಂದೆ ಎಲ್ಲಿಗೆ ಚೆಲ್ಲುವುದೆಂದು ತೋಚದೆ ಮೋರಿಗೇ ಚೆಲ್ಲುತ್ತೇನೆ.

ಪ್ರಯೋಗ ಭಾಗಕ್ಕೆ ಬರೋಣ. ಟೈರು ತಣ್ಣಗಿರಬೇಕು, ನೆರಳಲ್ಲಿರಬೇಕು. ಇಲ್ಲವಾದರೆ ಸೋಪು ಅಲ್ಲೇ ಒಣಗಿ ಕೂರುತ್ತದೆ. ಮೊದಲು ನೀರು, ಆಮೇಲೆ ಜಿಡ್ಡು ಬಿಡಿಸುವ ಸೋಪು, ಅದರ ಹಿಂದೆ ಗಡಸು ಬ್ರಷ್ಷು. ಯಾವಾಗ ನಿಲ್ಲಿಸಬೇಕೆಂಬುದನ್ನು ನೊರೆಯೇ ಹೇಳುತ್ತದೆ. ನನ್ನ ಅನುಭವದಲ್ಲಿ ಮೊದಲ ನೊರೆ ಹುರುಳಿಕಟ್ಟಿನ ಬಣ್ಣದ್ದು. ಆಗ ಕೈಬಿಟ್ಟವನು ಲೇಪಪೂರ್ವವಾದಿಯೇ. ತೊಳೆದು ಎರಡನೆಯ ಸಲ ಉಜ್ಜಿದರೆ ಫಿಲ್ಟರ್ ಕಾಫಿ. ಮೂರನೆಯದಕ್ಕೆ ಬೆಲ್ಲದ ಪಾನಕ. ಇಷ್ಟರಲ್ಲಿ ಮಂಡಿ ಮಾತಾಡತೊಡಗಿರುತ್ತದೆ. ಮನಸ್ಸು “ಪಾನಕವೂ ಒಂದು ರೀತಿ ಬಿಳಿಯೇ ಅಲ್ಲವೆ” ಎಂದು ಅನೇಕಾಂತವಾದಕ್ಕೆ ವಾಲುತ್ತದೆ. ಬಗ್ಗಬಾರದು. ನೊರೆ ನೀರುಮಜ್ಜಿಗೆಯಂತೆ ಬೆಳ್ಳಗೆ ನಿಂತಾಗಲೇ ಟೈರು ಶುದ್ಧ. ಆಗ ಅದು ಹೊಳೆಯುವುದಿಲ್ಲ; ಬರೆಯುವ ಹಲಗೆಯ ಹಾಗೆ ಮಂಕಾಗಿ, ಒಂದೇ ಸಮನಾದ ಕಪ್ಪಾಗಿರುತ್ತದೆ. ಹೊಸ ಟೈರಿಗೂ ಇದು ತಪ್ಪಿದ್ದಲ್ಲ. ಅಚ್ಚಿನಿಂದ ಸಲೀಸಾಗಿ ಬಿಡಿಸಲು ಬಳಸಿದ ಜಾರುದ್ರವ್ಯ ಅದರ ಮೈಗೆ ಅಂಟಿರುತ್ತದೆ. ಕೆ.ಆರ್.ಎಸ್. ರಸ್ತೆಯ ವಿಕ್ರಾಂತ್ ಟೈರು ಕಾರ್ಖಾನೆಯ ವಾಸನೆ ಕುಡಿದು ಬೆಳೆದ ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒರೆಸಿ, ಪೂರ್ತಿ ಒಣಗಿದ ಮೇಲೆ ಲೇಪನ. ನೀರು ಬೆರೆತ ಹಾಲಿನಂಥ ಪಾಲಿಶ್ ಹೆಚ್ಚು ಮೆರೆಯುವುದಿಲ್ಲ. ಸಿಲಿಕೋನ್ ಎಣ್ಣೆಯ ಜಿಡ್ಡಿನದು ಕನ್ನಡಿಯಂತೆ ಮೆರೆಯುತ್ತದೆ, ಸಿಡಿಯುವುದೂ ಅದೇ. ಎರಡನ್ನೂ ಸ್ಪಂಜಿನಲ್ಲಿ ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹೆಚ್ಚಾದದ್ದನ್ನು ಒರೆಸಬೇಕು. ಪಕ್ಕೆಗೆ ಮಾತ್ರ, ನೆಲ ಮುಟ್ಟುವ ಭಾಗಕ್ಕೂ ಬ್ರೇಕ್ ಡಿಸ್ಕಿಗೂ ಸೋಕಿಸಕೂಡದು. ಸ್ಕೂಟರು, ಬೈಕಿನ ಟೈರಿಗಂತೂ ಬೇಡವೇ ಬೇಡ. ತಿರುವಿನಲ್ಲಿ ಅವು ವಾಲುತ್ತವೆ. ಇಲ್ಲಿ ತಮಾಷೆಯಿಲ್ಲ.

ತೊಳೆಯದೆ ಹಚ್ಚಿದರೆ ಪಾಲಿಶ್ ರಬ್ಬರನ್ನು ಹಿಡಿಯುವುದಿಲ್ಲ, ಧೂಳನ್ನು ಹಿಡಿಯುತ್ತದೆ. ಧೂಳು ಯಾರನ್ನೂ ಗಟ್ಟಿಯಾಗಿ ಹಿಡಿದುಕೊಂಡಿರುವುದಿಲ್ಲ. ನನ್ನ ಅಳತೆಯ ಟೈರಿನ ಸುತ್ತಳತೆ ಸುಮಾರು 1.95 ಮೀಟರು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಎಂಟೂವರೆ ಸುತ್ತು ಸುತ್ತುತ್ತದೆ. ಎದುರುಮನೆಯವರು ಅಂದು ಸಿಂಪಡಿಸಿ ಹತ್ತೇ ನಿಮಿಷಕ್ಕೆ ನಂಜನಗೂಡಿಗೆ ಹೊರಟರು. ಸಂಜೆ ಬಂದಾಗ ಬಿಳಿ ಕಾರಿನ ಚಕ್ರಗಳ ಹಿಂದೆ, ಬಾಗಿಲ ಹಿಡಿಯವರೆಗೂ, ಒಗ್ಗರಣೆ ಸಿಡಿದಂತೆ ಕಂದು ಚುಕ್ಕೆಗಳು. ಒಂದನ್ನು ಬೆರಳಿಂದ ಉಜ್ಜಿ ನೋಡಿದೆ. ಅಳಿಸಲಿಲ್ಲ, ಬಾಲ ಬಂತು. ಸಿದ್ಧಾಂತ ಸ್ಥಾಪಿತವಾಯಿತೆಂದು ನಾನು ಆ ರಾತ್ರಿ ಎರಡು ಚಪಾತಿ ಹೆಚ್ಚಿಗೆ ತಿಂದೆ.

ಮಹಾನವಮಿಯ ದಿನ ಬೆಳಿಗ್ಗೆ ಐದೂವರೆಗೇ ಎದ್ದು ನಾಲ್ಕೂ ಟೈರುಗಳನ್ನು ಮಜ್ಜಿಗೆಯವರೆಗೆ ತಂದು, ಒಣಗಿಸಿ, ಸಿಲಿಕೋನಿನದೇ ಲೇಪಿಸಿ, ಒರೆಸಿದೆ. ಹೂವಾಯಿತು, ಬಾಳೆಕಂದಾಯಿತು, ಬೂದುಗುಂಬಳ ಸಿದ್ಧವಾಯಿತು, ಚಕ್ರದಡಿಗೆ ನಿಂಬೆಹಣ್ಣೂ ಕೂತಿತು. ಮನೆಯಾಕೆ ತೇಯ್ದ ಗಂಧದ ಬಟ್ಟಲು ಹಿಡಿದು ಮುಂದಿನ ಚಕ್ರಕ್ಕೆ ಬೊಟ್ಟಿಟ್ಟಳು. ಬೊಟ್ಟು ಗುಂಡಗೆ ಮುತ್ತಾಗಿ, ಶಾಸನದ ಮೇಲೆ ಜಾರಿ, 3519ರ ಹತ್ತಿರ ಒಂದು ಗಳಿಗೆ ನಿಂತು, ನೆಲಕ್ಕೆ ಬಿತ್ತು. ಇನ್ನೊಂದಿಟ್ಟಳು. ಅದೂ ಅದೇ ದಾರಿ ಹಿಡಿಯಿತು.

“ರೀ, ಇಲ್ಲಿ ಬನ್ನಿ. ಗಂಧ ನಿಲ್ತಾನೇ ಇಲ್ಲ. ಏನು ಬಳಿದಿಟ್ಟಿದೀರಿ ಇದಕ್ಕೆ?”

ಎದುರುಮನೆಯ ಕಾರಿಗೆ ಆಗಲೇ ಪೂಜೆ ಮುಗಿದಿತ್ತು. ಚುಕ್ಕೆಗಳ ಪ್ರಕರಣದಿಂದ ನೊಂದು ಅವರು ಈ ವರ್ಷ ಪಾಲಿಶನ್ನೂ ಹಚ್ಚಿರಲಿಲ್ಲ, ನೀರನ್ನೂ ತೋರಿಸಿರಲಿಲ್ಲ. ಧೂಳುಹೊತ್ತ ನಾಲ್ಕು ಟೈರುಗಳ ಮೇಲೂ ಗಂಧ ಕಲ್ಲಲ್ಲಿ ಕೆತ್ತಿದ ಹಾಗೆ ಕೂತಿತ್ತು. ಅವರು ಗೇಟಿಗೆ ಒರಗಿಕೊಂಡು ಇದನ್ನೆಲ್ಲ ನೋಡುತ್ತಿದ್ದವರು, ಬಹಳ ಮೆತ್ತಗೆ ಕೇಳಿದರು:

“ಗಂಧ ಹಚ್ಚೋಕೆ ಮುಂಚೆ ಚೆನ್ನಾಗಿ ತೊಳೆದಿದ್ರಾ ಮೇಷ್ಟ್ರೇ?”

ನಾನು ಬ್ರಷ್ಷು ಎಲ್ಲಿಟ್ಟೆನೆಂದು ಹುಡುಕತೊಡಗಿದೆ.