ಕುಲಕರ್ಣಿಯವರ ಪಲ್ಸರ್

ಗಂಗಾವತಿಯ ಒಂದು ಗ್ಯಾರೇಜಿನ ಮುಂದೆ, ಮೂರೂವರೆ ಕಾಲಿನ ಸ್ಟೂಲಿನ ಮೇಲೆ ತೂಕ ಸಂಭಾಳಿಸುತ್ತ ಕೂತಿದ್ದೆ. ತಂಗಿ ಮಗನ ಪಲ್ಸರ್ ಬಿಚ್ಚಿ ಹಾಕಿದ್ದರು. ನನ್ನದು ಟಿವಿಎಸ್ ಎಕ್ಸ್‌ಎಲ್. ಅದನ್ನು ಬಿಚ್ಚಲು ಏನೂ ಇಲ್ಲದ್ದರಿಂದ ಅದು ಕೆಡುವುದೂ ಕಡಿಮೆ. ಮಾಸ್ತರಿಕೆಯಿಂದ ನಿವೃತ್ತನಾಗಿ ಆರು ವರ್ಷವಾದರೂ ಖಾಲಿ ಕೂತರೆ ಪಾಠ ಹೇಳುವ ಚಟ ಹೋಗಿಲ್ಲ. ಮಿಸ್ತ್ರಿಯನ್ನು ಕೇಳಿದೆ: “ಪಲ್ಸರ್ ಅಂದ್ರ ಏನು ಗೊತ್ತೇನಪಾ?”

“ಬಜಾಜ್ ಗಾಡಿರಿ.”

“ಅಲ್ಲೋ, ಅದು ಸತ್ತ ನಕ್ಷತ್ರದ ಹೆಸರು. ಬುಗುರಿ ಹಂಗ ತಿರಗತಿರತೈತಿ. 1982ರಾಗ ನಮ್ಮ ಹುಬ್ಬಳ್ಳ್ಯಾಗ ಸಾಲಿ ಕಲ್ತ ಕುಲಕರ್ಣಿಯವರು ಅಮೆರಿಕಾದಾಗ ಸಂಗಡಿಗರ ಜೋಡಿ ಒಂದು ಹುಡುಕಿದ್ರು. ಸೆಕೆಂಡಿಗೆ 642 ಸುತ್ತು!”

ಮಿಸ್ತ್ರಿ ಗ್ರೀಸ್ ಕೈಯನ್ನು ಪ್ಯಾಂಟಿಗೆ ಒರೆಸಿ, ಮೊಬೈಲಿನಲ್ಲಿ ಅರವತ್ತರಿಂದ ಗುಣಿಸಿದ. “ಮೂವತ್ತೆಂಟ ಸಾವಿರದ ಐನೂರಾ ಇಪ್ಪತ್ತ ಆರ್‌ಪಿಎಂ! ಸೀಜ್ ಆಗತೈತ್ರಿ ಸರ. ಅದಕ್ಕ ಯಾವ ಆಯಿಲ್ ಹಾಕ್ತಾರ?” ನಾನು ಉತ್ತರ ಹುಡುಕುವಷ್ಟರಲ್ಲಿ ಎರಡನೆಯ ಪ್ರಶ್ನೆ ಬಂತು: “ಯಾವ ಕುಲಕರ್ಣಿಯವರ್ರಿ? ನಮ್ಮ ಓಣಿ ಕುಲಕರ್ಣಿಯವರ ಪೈಕಿ ಏನ್ರಿ?”

ಮೊದಲನೆಯ ಪ್ರಶ್ನೆ ಭೌತಶಾಸ್ತ್ರದವರಿಗೆ ಬಿಟ್ಟದ್ದು. ಎರಡನೆಯದು ಮಾತ್ರ ಕುಷ್ಟಗಿ ಬಸ್ಸಿನುದ್ದಕ್ಕೂ ನನ್ನ ತಲೆ ತಿಂದಿತು.

ನಮ್ಮ ಕಡೆ ಅಡ್ಡಹೆಸರಿನ ಜೋಕುಗಳು ಹಾಸ್ಯ ವೇದಿಕೆಗಳಲ್ಲಿ ತಿಕ್ಕಿ ತಿಕ್ಕಿ ನುಣುಪಾಗಿವೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಎಂದು ಹಾಜರಿ ಕರೆದರೆ ಸಂತೆಯ ಚೀಟಿ ಓದಿದಂತಾಗುತ್ತದೆ ಎನ್ನುವಲ್ಲಿಗೆ ಅವು ಮುಗಿಯುತ್ತವೆ. ನನಗೆ ಅದಕ್ಕಿಂತ ರುಚಿಯೆನಿಸುವುದು ಕೆಲಸದ ಹೆಸರುಗಳು. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಎಲ್ಲವೂ ನಿಜಾಮರ ರಾಜ್ಯಕ್ಕೆ ಸೇರಿದ್ದವಷ್ಟೆ. ಅಲ್ಲಿ ಊರಿನ ಕಂದಾಯ ನೋಡುವವನು ಮಾಲಿಪಾಟೀಲ, ಊರಿನ ಬಂದೋಬಸ್ತು ನೋಡುವವನು ಪೊಲೀಸ್ ಪಾಟೀಲ. ನಿಜಾಮರು ಹೋದರು, ಹುದ್ದೆಗಳೂ ಹೋದವು, ಹೆಸರು ಮಾತ್ರ ರೇಷನ್ ಕಾರ್ಡಿನಲ್ಲಿ ಉಳಿದುಕೊಂಡಿತು. ಮಾಲಿಪಾಟೀಲರ ಮನೆಗೆ ಗುಲಾಬಿ ಸಸಿ ಕೇಳಲು ಹೋದರೆ ಸಿಗುವುದಿಲ್ಲ. ನನ್ನ ಜೊತೆ ಹೈಸ್ಕೂಲಿನಲ್ಲಿದ್ದ ಪೊಲೀಸಪಾಟೀಲ ಮಾಸ್ತರರು ಹಲ್ಲಿ ಕಂಡರೆ ಸ್ಟಾಫ್ ರೂಮ್ ಬಿಟ್ಟು ಹೊರಗೆ ನಿಲ್ಲುತ್ತಿದ್ದರು.

ಊರ ಹೆಸರಿನದು ಇನ್ನೊಂದು ಬಗೆ. ಯಲಬುರ್ಗಾದಲ್ಲಿ ಇರುವತನಕ ನಮ್ಮ ಮನೆಗೆ ಯಾರೂ ‘ಯಲಬುರ್ಗಿಯವರು’ ಅಂದಿರಲಿಲ್ಲ. ಅಪ್ಪ ಕುಷ್ಟಗಿಗೆ ಬಂದು ಅಂಗಡಿ ಇಟ್ಟ ಮೇಲೆಯೇ ಆ ಹೆಸರು ಅಂಟಿದ್ದು. ಬಿಟ್ಟು ಬಂದ ಊರು ಹೀಗೆ ಬೆನ್ನು ಹತ್ತುತ್ತದೆ.

ಕುಲಕರ್ಣಿಯೂ ಕೆಲಸದ ಹೆಸರೇ: ಯಾರ ಹೊಲ ಎಷ್ಟು, ಯಾವ ಬೆಳೆ, ಬಾಕಿ ಎಷ್ಟು ಎಂದು ಊರಿನ ಲೆಕ್ಕ ಬರೆದಿಡುವವನು. ನಿಜಾಮರ ದಫ್ತರ ಅವನನ್ನು ಪಟವಾರಿ ಎಂದಿತು. ಕೊಪ್ಪಳದ ಗವಿಮಠದ ಜಾತ್ರೆಗೆ ಬರುವ ನಾಟಕ ಕಂಪನಿಗಳಲ್ಲಿ ನಾನು ಹುಡುಗನಾಗಿ ನೋಡಿದ ಕುಲಕರ್ಣಿ ಬೇರೆ. ಕಿವಿಯ ಮೇಲೆ ಲೇಖಣಿ, ಕಂಕುಳಲ್ಲಿ ದಫ್ತರ, ಗೌಡನ ಕಿವಿಯಲ್ಲಿ ಸದಾ ಒಂದು ಪಿಸುಮಾತು. ಎರಡನೆಯ ಅಂಕದಲ್ಲಿ ಬಡವನ ಹೊಲ ಯಾರದೋ ಹೆಸರಿಗೆ ಹೋಯಿತೆಂದರೆ ಪ್ರೇಕ್ಷಕರಿಗೆ ತನಿಖೆ ಬೇಕಿರಲಿಲ್ಲ. ನನ್ನ ಪಕ್ಕ ಕೂತು ಶೇಂಗಾ ತಿನ್ನುತ್ತಿದ್ದ ಗೆಳೆಯನೇ ಕುಲಕರ್ಣಿ. ಪಾಪ, ಆ ದೃಶ್ಯ ಬಂದಾಗಲೆಲ್ಲ ಅವನು ಸಿಪ್ಪೆ ಸುಲಿಯುವುದನ್ನು ನಿಲ್ಲಿಸಿ ನೆಲ ನೋಡುತ್ತಿದ್ದ. 1961ರ ಕಾನೂನು ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿತು. ನಾಟಕದ ಕುಲಕರ್ಣಿಯನ್ನು ಹುದ್ದೆಯಿಂದ ಇಳಿಸುವ ಕಾನೂನು ಇನ್ನೂ ಬಂದಿಲ್ಲ.

ಕತೆಗಳು ಇಷ್ಟು ಕಾಡಿದ ಈ ಹೆಸರೇ ಕನ್ನಡಕ್ಕೆ ಕತೆಯ ಹುಚ್ಚು ಹಿಡಿಸಿದ್ದು ಎಂದರೆ ನಂಬುತ್ತೀರಾ? ಕನ್ನಡ ಕಾದಂಬರಿಯ ಪಿತಾಮಹ ಎಂದು ಹೊಗಳಿಸಿಕೊಂಡ ಗಳಗನಾಥರ (1869–1942) ನಿಜ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಅವರೂ ಮಾಸ್ತರರೇ. ಬರೆದ ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಅವರ ‘ಮಾಧವ ಕರುಣಾ ವಿಲಾಸ’ ವಿಜಯನಗರದ ಹುಟ್ಟಿನ ಕತೆ, ಅಂದರೆ ನಮ್ಮ ಗಂಗಾವತಿ ತಾಲೂಕಿನ ಆನೆಗೊಂದಿಯ ಮಗ್ಗುಲಿನ ಕತೆ. ಹಾವೇರಿ ಸೀಮೆಯ ತಮ್ಮ ಊರಿನ ಹೆಸರನ್ನು ಮುಂದೆ ಮಾಡಿ ಕುಲಕರ್ಣಿಯನ್ನು ಹಿಂದೆ ಸರಿಸಿದರು. ಜಾತ್ರೆಯ ನಾಟಕ ಏನಾದರೂ ನೋಡಿದ್ದರೋ ಏನೋ.

ಆಮೇಲಿನ ಕುಲಕರ್ಣಿಯವರ ಮನೆಯದು ಇನ್ನೂ ಸೊಗಸು. ವೈದ್ಯ ತಂದೆಯ ಆ ಮನೆಯಲ್ಲಿ ಅಕ್ಕ 1950ರಲ್ಲಿ ಶಿಗ್ಗಾವಿಯಲ್ಲಿ ಹುಟ್ಟಿದಳು, ತಮ್ಮ 1956ರಲ್ಲಿ ಕುರುಂದವಾಡದಲ್ಲಿ. ಅಕ್ಕ ‘ಡಾಲರ್ ಸೊಸೆ’ ಬರೆದು ಮನೆಮನೆಯ ಅತ್ತೆ-ಸೊಸೆಯರಿಗೆ ಒಟ್ಟಿಗೆ ಓದಲು ಒಂದು ಪುಸ್ತಕ ಕೊಟ್ಟರು. ಮದುವೆಯಾದಮೇಲೆ ಸುಧಾ ಕುಲಕರ್ಣಿ ಸುಧಾ ಮೂರ್ತಿಯಾದರು. ಹಳೆ ಮೈಸೂರಿನ ಕಡೆಯ ಗಂಡನಿಗೆ ನಮ್ಮಂಥ ಅಡ್ಡಹೆಸರಿಲ್ಲ, ನಾರಾಯಣಮೂರ್ತಿ ಎನ್ನುವುದು ಇಡಿಯಾಗಿ ಒಂದೇ ಹೆಸರು. ಅದರ ಬಾಲವನ್ನೇ ಕತ್ತರಿಸಿ ಹೆಂಡತಿಯ ಅಡ್ಡಹೆಸರು ಮಾಡಿದ್ದಾಯಿತು. ನಮ್ಮ ಮುನಿಸಿಪಾಲಿಟಿಯಲ್ಲಿ ಇದಕ್ಕೆ ಎಷ್ಟು ಅಫಿಡವಿಟ್ ಕೇಳುತ್ತಿದ್ದರೋ.

ತಮ್ಮನೇ ನನ್ನ ಪಲ್ಸರ್ ಕುಲಕರ್ಣಿ, ಶ್ರೀನಿವಾಸ. ಮೊದಲ ಪಲ್ಸರ್ ಸಿಕ್ಕದ್ದು 1967ರಲ್ಲಿ, ಕೇಂಬ್ರಿಜ್‌ನ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಕಣ್ಣಿಗೆ. ಗಡಿಯಾರದಷ್ಟು ಕರಾರುವಾಕ್ಕಾಗಿ ಬರುತ್ತಿದ್ದ ಆ ಸಂಕೇತವನ್ನು ಅವರು ತಮಾಷೆಗೆ ‘ಪುಟ್ಟ ಹಸಿರು ಮನುಷ್ಯರು’ ಎಂದು ಕರೆದಿದ್ದರು. ಹದಿನೈದು ವರ್ಷದ ಮೇಲೆ, ಇನ್ನೂ ಪಿಎಚ್.ಡಿ. ವಿದ್ಯಾರ್ಥಿಯಾಗಿದ್ದ ಕುಲಕರ್ಣಿ ಇದ್ದ ತಂಡ ಮಿಲಿಸೆಕೆಂಡಿನ ಲೆಕ್ಕದಲ್ಲಿ ಸುತ್ತುವ ಮೊದಲ ಪಲ್ಸರನ್ನು ಹಿಡಿಯಿತು. 1995ರಲ್ಲಿ ಇನ್ನೊಂದು ತಂಡದಲ್ಲಿ ಅವರು ಕಂದು ಕುಬ್ಜವನ್ನು ಕಂಡರು. ಗ್ರಹವೂ ಅಲ್ಲದ, ನಕ್ಷತ್ರವೂ ಆಗದ ಕಾಯ ಅದು, ನಮ್ಮಲ್ಲಿ ಪಿಯುಸಿ ಎರಡು ಸಲ ಕೂತ ಹುಡುಗನ ಹಾಗೆ. 2024ರಲ್ಲಿ ಅವರಿಗೆ ಶಾ ಪ್ರಶಸ್ತಿ ಬಂತು.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಅವರ ಇನ್ನೊಂದು ಕೆಲಸ. ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ದೂರದರ್ಶಕಕ್ಕೆ, 2018ರಿಂದ, ಒಂದೇ ಚಿತ್ರದಲ್ಲಿ ಆಕಾಶದ 47 ಚದರ ಡಿಗ್ರಿ ಹಿಡಿಸುವ ಕ್ಯಾಮೆರಾ ಕೂರಿಸಿ, ಮೊನ್ನೆ ಇದ್ದದ್ದು ಇವತ್ತು ಇದೆಯೇ, ಇಲ್ಲದ್ದು ಬಂತೇ ಎಂದು ಉತ್ತರದ ಇಡೀ ಆಕಾಶವನ್ನು ಮತ್ತೆ ಮತ್ತೆ ತಾಳೆ ನೋಡುವ ಯೋಜನೆಯನ್ನು ಅವರು ಮುನ್ನಡೆಸಿದರು. ಇದು ಪಹಣಿ ಅಲ್ಲದೆ ಮತ್ತೇನು? ಯಾವ ಸರ್ವೆ ನಂಬರಿನಲ್ಲಿ ಯಾವ ನಕ್ಷತ್ರ ಸ್ಫೋಟಿಸಿತು, ಯಾವುದು ಮಂಕಾಯಿತು ಎಂದು ಬರೆದಿಡುವುದು! ಹುದ್ದೆ ರದ್ದಾದರೂ ಕುಲಕರ್ಣಿ ದಫ್ತರ ಬಿಟ್ಟಿಲ್ಲ, ಹೊಲ ಮಾತ್ರ ದೊಡ್ಡದಾಗಿದೆ. ಇಲ್ಲಿ ಗೌಡನೂ ಇಲ್ಲ, ಖಾತೆ ಬದಲಿಸಲು ಯಾರೂ ಬರುವುದಿಲ್ಲ.

ಹೊರದೇಶದಲ್ಲೂ ಅಡ್ಡಹೆಸರುಗಳು ಹೀಗೆ ಕತೆಗೂ ವಿಜ್ಞಾನಕ್ಕೂ ನಡುವಿನ ಗಡಿ ದಾಟಿವೆ. ಸ್ವಿಸ್ ವಿಜ್ಞಾನಿ ಅಗಸ್ಟ್ ಪಿಕಾರ್ಡ್ 1931ರಲ್ಲಿ ಬಲೂನಿಗೆ ಮುಚ್ಚಿದ ಗೋಲ ಕಟ್ಟಿಕೊಂಡು ಹದಿನೈದು ಕಿಲೋಮೀಟರಿಗಿಂತ ಮೇಲೇರಿದರು. ಮಗ ಜಾಕ್ 1960ರಲ್ಲಿ ಸಮುದ್ರದ ಅತಿ ಆಳದ ತಳ ಮುಟ್ಟಿ ಬಂದ. ಆ ದಿಕ್ಕನ್ನೂ ಅಪ್ಪ ಬಿಟ್ಟಿರಲಿಲ್ಲ! ಟಿನ್‌ಟಿನ್ ಚಿತ್ರಕತೆಯ ಕಿವುಡ ಪ್ರೊಫೆಸರ್ ಕ್ಯಾಲ್ಕುಲಸ್‌ಗೆ ಅಗಸ್ಟರೇ ಮಾದರಿ. ನಿಜವಾದ ಪಿಕಾರ್ಡ್ ತೀರಾ ಎತ್ತರ, ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ ಎಂದು ಕತೆಗಾರ ಎರ್ಜೆ ಗಿಡ್ಡ ಮಾಡಿದ. ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕ್ಯಾಪ್ಟನ್ ಪಿಕಾರ್ಡ್‌ಗೂ ಇದೇ ಮನೆತನದ ಹೆಸರು ಬಂದಿದೆ ಎನ್ನುತ್ತಾರೆ. ಅಲ್ಲಿ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಬಿದ್ದುಹೋಗಿದೆ. ಆಧಾರ್ ಕಾರ್ಡ್ ಇಲ್ಲದ ಅಂತರಿಕ್ಷದಲ್ಲಿ ನಡೆಯುತ್ತದೆ.

ವಾರದ ಮೇಲೆ ಎಕ್ಸ್‌ಎಲ್‌ನ ಬ್ರೇಕ್ ಕೇಬಲ್ ಬದಲಿಸಲು ಅದೇ ಗ್ಯಾರೇಜಿಗೆ ಹೋದೆ. ನಾನು ಸ್ಟ್ಯಾಂಡ್ ಹಾಕುವುದರೊಳಗೆ ಪಾನಾ ತೊಳೆಯುತ್ತಿದ್ದ ಹುಡುಗ ಒಳಗೆ ಕೂಗಿದ: “ಅಣ್ಣಾ, ಪಲ್ಸರ್ ಮಾಸ್ತರು ಬಂದ್ರು!”

ಮಿಸ್ತ್ರಿ ಹೊರಗೆ ಬಂದು ಚೀಟಿಯ ಮೇಲೆ ಅದನ್ನೇ ಬರೆದ. ನನ್ನ ಹೆಸರೇನು ಎಂದು ಕೇಳಲೇ ಇಲ್ಲ.