ಮನವಿ ಪತ್ರ ಹಿಡಿಯುವ ಭಂಗಿ: ಒಂದು ಶಾಸ್ತ್ರೀಯ ವಿವೇಚನೆ

ಪ್ರಸ್ತುತ ಅಧ್ಯಯನದ ವ್ಯಾಪ್ತಿಯು ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿನ ಪ್ರತಿರೋಧಾತ್ಮಕ ಸ್ವಬಿಂಬೋತ್ಪಾದನೆಯ ಸಂಕಥನಾತ್ಮಕ ಪರಿಪ್ರೇಕ್ಷ್ಯಕ್ಕೆ ಸೀಮಿತವಾಗಿದೆ. ವಾಕ್ಯ ಅರ್ಥವಾಗದವರು ಗಾಬರಿಯಾಗಬೇಕಿಲ್ಲ. ವಿಚಾರ ಸಂಕಿರಣಗಳಲ್ಲಿ ಇಂಥ ವಾಕ್ಯ ಓದಿದವರಿಗೂ ಅರ್ಥವಾಗಿರುವುದಿಲ್ಲ, ಊಟದ ಕೂಪನ್ ಮಾತ್ರ ಸಿಕ್ಕಿರುತ್ತದೆ. ಪ್ರಾಥಮಿಕ ಆಕರಗಳು: ವಾಟ್ಸ್‌ಆ್ಯಪ್ ಸ್ಟೇಟಸ್, ಫೇಸ್‌ಬುಕ್ ಲೈವ್, ರೀಲ್ಸ್. ಇವುಗಳಲ್ಲಿ ಕಾಣುವ ಹೋರಾಟದ ಭಂಗಿಗಳನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದು. ಮೊದಲನೆಯದು 'ಬಹುಹಸ್ತ ಏಕಪತ್ರ ಭಂಗಿ': ಒಂದೇ ಹಾಳೆಯ ಮನವಿ ಪತ್ರವನ್ನು ಹತ್ತು ಹನ್ನೆರಡು ಕೈ ಹಿಡಿದಿರುತ್ತವೆ, ಹಿಂದಿನ ಸಾಲಿನವರು ಮುಂದಿನವರ ಭುಜದ ಮೇಲಿಂದ ಗಲ್ಲ ಚಾಚಿರುತ್ತಾರೆ, ತಹಶೀಲ್ದಾರರೂ ಸೇರಿ ಎಲ್ಲರೂ ಕ್ಯಾಮೆರಾ ನೋಡುತ್ತಾರೆ, ಪತ್ರವನ್ನು ಯಾರೂ ನೋಡುವುದಿಲ್ಲ. ಎರಡನೆಯದು 'ಊರ್ಧ್ವತರ್ಜನೀ ಭಂಗಿ': ಎತ್ತಿದ ಬೆರಳು, ತೆರೆದ ಬಾಯಿ, ಹಿನ್ನೆಲೆಗೆ ಯಾವುದೋ ಸಿನಿಮಾದ ಎಂಟ್ರಿ ಸಂಗೀತ. ಮೂರನೆಯದು... ಮೂರನೆಯದೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ವಿಂಗಡಣೆ ಇಲ್ಲಿಗೆ ಸಾಕು.

ಇದಕ್ಕೆ ಪ್ರಾಚೀನ ಪೂರ್ವಪೀಠಿಕೆ ಇದೆ ಎಂಬ ಆಕ್ಷೇಪವನ್ನು ಮೊದಲೇ ಎದುರಿಸಬೇಕು. ಸ್ವಂತ ಹೆಸರಿನ ಪ್ರಚಾರ ಈ ಸೀಮೆಗೆ ಹೊಸತೇನಲ್ಲ. ಅದುವರೆಗೆ ಸಿಕ್ಕ ಶಾಸನಗಳಲ್ಲಿ ಬಿರುದಿನಿಂದಷ್ಟೇ ಕಾಣಿಸಿಕೊಳ್ಳುತ್ತಿದ್ದ ದೇವಾನಾಂಪ್ರಿಯನು ಅಶೋಕನೇ ಎಂದು ಖಚಿತವಾದದ್ದು, 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಬಂಡೆಶಾಸನ ಕಂಡಮೇಲೆ. ಹಾಗಾದರೆ ಮಸ್ಕಿಯ ಬಂಡೆ ಮೊದಲ ಫ್ಲೆಕ್ಸ್ ಅಲ್ಲವೇ? ಅಲ್ಲ. ದೊಡ್ಡವರಷ್ಟೇ ಅಲ್ಲ, ಸಣ್ಣವನೂ ಧರ್ಮದಲ್ಲಿ ನಡೆದರೆ ಗುರಿ ಮುಟ್ಟಬಲ್ಲ ಎಂಬ ಅರ್ಥದ ಮಾತು ಆ ಬಂಡೆಯ ಮೇಲಿದೆ. ಇದೇ ಶಾಸನದ ಬ್ರಹ್ಮಗಿರಿ ಪಾಠದಲ್ಲಂತೂ ಉಪಾಸಕನಾದ ಮೇಲೂ ಒಂದು ವರ್ಷ ತಾನು ಹೆಚ್ಚೇನೂ ಶ್ರಮಿಸಲಿಲ್ಲ ಎಂದು ಚಕ್ರವರ್ತಿಯೇ ಹೇಳಿಕೊಂಡಿದ್ದಾನೆ. 'ಕಳೆದ ವರ್ಷ ನಾನೇನೂ ಮಾಡಲಿಲ್ಲ' ಎಂದು ಹಾಕಿಸಿದ ಯುವ ನಾಯಕರ ಫ್ಲೆಕ್ಸ್ ಮೂರೂ ತಾಲ್ಲೂಕುಗಳಲ್ಲಿ ಸಿಕ್ಕರೆ ಈ ಪ್ರಬಂಧವನ್ನು ಹಿಂಪಡೆಯಲಾಗುವುದು.

ಈಗ ಮುಖ್ಯ ಪ್ರಮೇಯ. ಬ್ರ್ಯಾಂಡ್ ಆದ ಹೋರಾಟಗಾರ ದೂರದವರೊಂದಿಗೆ ಎಷ್ಟು ಬೇಕಾದರೂ ಜಗಳವಾಡಬಲ್ಲ, ಹತ್ತಿರದವರೊಂದಿಗೆ ಆಡಲಾರ. ಸಾಕ್ಷ್ಯಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯೊಂದೇ ಸಾಕು. ಈ ಕಾಲುವೆಯ ನೀರು ಬಹುಪಾಲು ಅರೆ ನೀರಾವರಿ ಬೆಳೆಗೆಂದು ಹಂಚಿಕೆಯಾದದ್ದು, ಬೆಳೆಯುತ್ತಿರುವುದು ಭತ್ತ. ಮೇಲ್ಭಾಗದಲ್ಲಿ ರಾತ್ರಿ ಪೈಪು ಇಳಿಯುತ್ತವೆ, ಪಂಪ್‌ಸೆಟ್ ಕೂರುತ್ತವೆ, ಜಿಲ್ಲಾಡಳಿತ ದಂಡೆಯುದ್ದಕ್ಕೂ ನಿಷೇಧಾಜ್ಞೆ ಹಾಕುತ್ತದೆ, ಆದರೂ ಮಾನ್ವಿ, ಸಿರವಾರದ ಕಡೆಯ ಕೊನೆ ಭಾಗದ ರೈತರು 69ನೇ ಮೈಲಿನಲ್ಲಿ ನೀರಿನ ಗೇಜ್ ಎಷ್ಟು, 104ರಲ್ಲಿ ಎಷ್ಟು ಎಂದು ಕೇಳುತ್ತಲೇ ಇರುತ್ತಾರೆ. ಇಲ್ಲಿ ಇರುವುದು ರೈತನಿಗೂ ಸರ್ಕಾರಕ್ಕೂ ನಡುವಿನ ಜಗಳ ಮಾತ್ರವಲ್ಲ, ರೈತನಿಗೂ ರೈತನಿಗೂ ನಡುವಿನದು. ಬೆಂಗಳೂರಿಗೆ ಧಿಕ್ಕಾರ ಎಂದರೆ ಮೇಲಿನವನೂ ಲೈಕ್ ಒತ್ತುತ್ತಾನೆ, ಕೆಳಗಿನವನೂ ಒತ್ತುತ್ತಾನೆ. 'ಇಂಥ ಉಪಕಾಲುವೆಯ ಮೇಲೆ ನಮ್ಮವರೇ ಪೈಪು ಹಾಕಿದ್ದಾರೆ' ಎಂದರೆ? 'ಅಣ್ಣಾ, ನಿಮ್ಮ ಹಿಂದೆ ನಾವಿದ್ದೀವಿ' ಎಂದವರಲ್ಲಿ ಅರ್ಧ ಜನ ಸಂಜೆಯೊಳಗೆ ಗ್ರೂಪಿನಿಂದ ಎದ್ದು ಹೋಗುತ್ತಾರೆ. ಹೀಗಾಗಿ ನಮ್ಮ ಅತ್ಯುಗ್ರ ಹೋರಾಟಗಾರರು ನಿಜವಾದ ಭಿನ್ನಾಭಿಪ್ರಾಯ ಇರುವ ಜಾಗಕ್ಕೆ ಬಂದಾಗ ಅತಿ ವಿನಯವಂತರಾಗುತ್ತಾರೆ. ಸಂಘದೊಳಗೆ ಒಪ್ಪಿಗೆಯಾಗದ್ದೂ ಚರ್ಚೆಯಾಗುವುದಿಲ್ಲ. ಇನ್ನೊಂದು ಬಣವಾಗಿ, ಇನ್ನೊಂದು ಲೆಟರ್‌ಹೆಡ್ ಆಗಿ, ಇನ್ನೊಂದು ಪೇಜ್ ಆಗಿ ಹೊರಬರುತ್ತದೆ. ಮೊಬೈಲ್ ಬರುವ ಮೊದಲೂ ಸಂಘಗಳು ಒಡೆಯುತ್ತಿದ್ದವು, ನಿಜ. ಆಗ ಒಡೆಯುವ ಮುನ್ನ ಒಂದು ರಾತ್ರಿಯಾದರೂ ಬೈದಾಡಿಕೊಳ್ಳುತ್ತಿದ್ದರು.

ಮೊಬೈಲ್ ಇಲ್ಲದಿದ್ದರೆ ಪಾಮನಕಲ್ಲೂರಿನ ಕೂಗು ಯಾರಿಗೆ ಕೇಳುತ್ತಿತ್ತು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನಾರಾಯಣಪುರ ಬಲದಂಡೆಯ 5ಎ ನಾಲೆಗಾಗಿ ಮಸ್ಕಿ ತಾಲ್ಲೂಕಿನ ಆ ಹಳ್ಳಿಯಲ್ಲಿ 2020ರ ನವೆಂಬರ್‌ನಲ್ಲಿ ಹೂಡಿದ ಧರಣಿ ನೂರು ದಿನ ದಾಟಿತು, 2021ರ ಏಪ್ರಿಲ್‌ನ ಉಪಚುನಾವಣೆಯ ಮಾತಾಯಿತು. ಸುದ್ದಿ ಹರಡಿದ್ದು ಮೊಬೈಲ್‌ನಿಂದಲೂ ಹೌದು. ಆದರೆ ಜನರ ಬಾಯಲ್ಲಿ ಉಳಿದದ್ದು ಒಂದು ನಾಲೆಯ ನಂಬರು. 'ಏತ ನೀರಾವರಿ ಕೊಡುತ್ತೇವೆ' ಎಂದವರಿಗೆ 'ಅದು ಬೇಡ, 5ಎ ಬೇಕು' ಎನ್ನುವಷ್ಟು ಸ್ಪಷ್ಟವಾದ ತಕರಾರು ಅದು. ಹಾಗೆ ನಿರಾಕರಿಸಲು ನೂರಾರು ಜನ ಒಟ್ಟಿಗೆ ಕೂತು ಆ ನಾಲೆ ಯಾವ ಹೊಲದ ಮೇಲೆ ಹೋಗುತ್ತದೆ ಎಂದು ತಿಳಿದಿರಬೇಕು. ಒಂದು ಮುಖದ ಹೋರಾಟವಾದರೆ ಆ ಮುಖವನ್ನು ಒಪ್ಪಿಸಿದರೆ ಮುಗಿಯಿತು.

ಪ್ರಚಾರವಿಲ್ಲದೆ ಅಧಿಕಾರಿ ಹೆದರುವುದಿಲ್ಲ ಎಂಬುದು ಇನ್ನೊಂದು ವಾದ. ಇದು ಹತ್ತು ವರ್ಷ ಹಿಂದಿನ ಅಧಿಕಾರಿಯ ಮಾತು. ಈಗಿನವರು ತಾವೇ ಫೋಟೋಗ್ರಾಫರನ್ನು ಇಟ್ಟುಕೊಂಡಿದ್ದಾರೆ. 'ಮನವಿ ಸ್ವೀಕರಿಸಿ ಸಕಾರಾತ್ಮಕವಾಗಿ ಸ್ಪಂದಿಸಲಾಯಿತು' ಎಂದು ಕಚೇರಿಯ ಪೇಜಿನಲ್ಲಿ ಬರುವುದರೊಳಗೆ ನಾಯಕರ ಪೇಜಿನಲ್ಲೂ ಬಂದಿರುತ್ತದೆ. ಇಬ್ಬರಿಗೂ ಲಾಭ, ಪತ್ರ ಟಪಾಲು ವಿಭಾಗಕ್ಕೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಕಾರ್ಮಿಕ ಸಂಘಕ್ಕೆ ಚುನಾವಣೆ ನಡೆಯುತ್ತದೆ. ಅಲ್ಲೂ ಫ್ಲೆಕ್ಸ್, ಶಾಲು, ಜೈಕಾರ ಎಲ್ಲ ಉಂಟು. ಆದರೆ ವೇತನ ಒಪ್ಪಂದ ಏನಾಯಿತು ಎಂದು ಗೆದ್ದವನನ್ನು ಕೇಳುವವನು ಅದೇ ಗಣಿಯ ಅದೇ ಪಾಳಿಯಲ್ಲಿ ಇಳಿಯುವವನು. ಅವನನ್ನು ಬ್ಲಾಕ್ ಮಾಡಲು ಬರುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ, ಅಣೆಕಟ್ಟೆಯನ್ನು ಹಿನ್ನೆಲೆಗಿಟ್ಟು ಎಷ್ಟು ಮುಖಗಳು ಬಂದವು! ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂತಿತು, ಮುಖಗಳು ಹೋದವು. ಆ ಚೈನನ್ನು ಯಾರು ಯಾವಾಗ ಪರೀಕ್ಷಿಸಿದ್ದರು ಎಂಬ ಪ್ರಶ್ನೆಯನ್ನು ತಿಂಗಳುಗಟ್ಟಲೆ ಹಿಡಿದು ಕೂರುವುದು ಬೇಸರದ ಕೆಲಸ, ಅದಕ್ಕೆ ಹಿನ್ನೆಲೆ ಸಂಗೀತ ಹೊಂದುವುದಿಲ್ಲ. ಭಂಗಿಶಾಸ್ತ್ರದ ಪರಿಭಾಷೆ ಇಲ್ಲಿ ಕೈಕೊಡುತ್ತದೆ, ಕೊಡಲಿ. ಕೊನೆ ಭಾಗದ ರೈತ ಹೊಲ ಬೀಳುಬಿಟ್ಟು ಹೆಂಡತಿ ಮಕ್ಕಳೊಂದಿಗೆ ಬೆಂಗಳೂರಿಗೆ ಗುಳೆ ಹೋಗುತ್ತಾನೆ. ನಾಯಕರ ಹುಟ್ಟುಹಬ್ಬದ ಸ್ಟೇಟಸ್ ಅವನ ಮೊಬೈಲಿಗೂ ಬರುತ್ತದೆ. ಅವನೂ ಒಂದು ಗುಲಾಬಿಯ ಚಿತ್ರ ಕಳಿಸುತ್ತಾನೆ. ನಾಳೆ ಬೆಳೆ ಪರಿಹಾರದ ಅರ್ಜಿಗೆ ಅದೇ ನಾಯಕರಿಂದ ಒಂದು ಫೋನ್ ಹಾಕಿಸಬೇಕಾಗಬಹುದು.