ಪಿಕಪ್ಪಣ್ಣ

ಸರ್ಜಾಪುರ ಹೋಬಳಿಯ ಯಾವ ಹಳ್ಳಿಗೆ ಹೋದರೂ ಒಬ್ಬ ಪಿಕಪ್ಪಣ್ಣ ಇದ್ದೇ ಇರುತ್ತಾರೆ. ರೇಷನ್ ಕಾರ್ಡಿನಲ್ಲಿ ಬೇರೆ ಹೆಸರಿರುತ್ತದೆ, ಅದು ನಮಗೆ ಬೇಡ. ಗುರುತು ಹಿಡಿಯುವುದು ಸುಲಭ. ಐದಂತಸ್ತಿನ ಪಿಜಿ ಕಟ್ಟಡ, ಕೆಳಗೆ ಕಂಬಗಳ ನಡುವೆ ಪಾರ್ಕಿಂಗು, ಬಾಡಿಗೆ ಹುಡುಗರ ಬೈಕುಗಳನ್ನೆಲ್ಲ ಮಳೆಗೆ ಬಿಟ್ಟು ಅದರ ಒಳ್ಳೇ ಜಾಗದಲ್ಲಿ ನಿಂತಿರುವ ಹಳದಿ ಬೋರ್ಡಿನ ಬೊಲೆರೊ ಪಿಕಪ್ಪು. ಯಜಮಾನರ ಬಿಳಿ ಫಾರ್ಚೂನರ್ ಬೀದಿಯಲ್ಲಿ, ಹೊಂಗೆ ಮರದ ಕೆಳಗೆ, ಕಾಗೆಗಳ ಹಿಕ್ಕೆ ಹೊದ್ದು ನಿಂತಿರುತ್ತದೆ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನಮ್ಮ ಬೀದಿಯ ಪಿಕಪ್ಪಣ್ಣನವರದು 2011ರ ಗಾಡಿ. ಒಂದು ಕಾಲಕ್ಕೆ ಅದು ದುಡಿದಿದೆ, ಸುಳ್ಳು ಹೇಳಬಾರದು. ಟೊಮೆಟೊ, ಬೀನ್ಸು, ಎಲೆಕೋಸು ಹೊತ್ತು ನಡುರಾತ್ರಿ ಕಲಾಸಿಪಾಳ್ಯಕ್ಕೆ ಹೋಗಿದೆ, ಗುಲಾಬಿ ಹೊತ್ತು ಹೊಸೂರಿಗೆ ಹೋಗಿದೆ. ಆಮೇಲೆ ದೊಡ್ಡಕನ್ನೆಲ್ಲಿಯ ವಿಪ್ರೊ ಕಡೆಯಿಂದ ಕಟ್ಟಡಗಳು ಒಂದರ ಹಿಂದೆ ಒಂದು ದೊಮ್ಮಸಂದ್ರ ದಾಟಿ ಬಂದವು. ಬೂರುಗುಂಟೆಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಎದ್ದಿತು. 2024ರ ಡಿಸೆಂಬರ್‌ನಲ್ಲಿ ಹೆಬ್ಬಾಳದಿಂದ ಸರ್ಜಾಪುರದವರೆಗೆ 36.59 ಕಿಲೋಮೀಟರ್ ಮೆಟ್ರೋಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ರೈಲು ಇನ್ನೂ ಬಂದಿಲ್ಲ, ಎಕರೆಯ ರೇಟು ಮಾತ್ರ ಬಂದು ಕೂತಿದೆ. ಪಿಕಪ್ಪಣ್ಣನವರ ಎಲೆಕೋಸಿನ ಹೊಲ ಈಗ ಕ್ಲಬ್‌ಹೌಸು, ಈಜುಕೊಳ. ಅವರ ಮನೆಯಲ್ಲಿ ಈಗ ಒಂದೇ ಬೆಳೆ, ತಿಂಗಳ ಐದನೇ ತಾರೀಖಿಗೆ ಕೊಯ್ಲು. ಅದಕ್ಕೆ ಗಾಡಿ ಬೇಡ, ಫೋನು ಸಾಕು.

ಹೊರೆಯೇ ಇಲ್ಲದ ಮೇಲೆ ಗಾಡಿಯನ್ನು ಮಾರಬಹುದಿತ್ತಲ್ಲ ಎಂದು ಕೇಳಿದ ಅಳಿಯನಿಗೆ ಆ ಸಲದ ಹಬ್ಬದಲ್ಲಿ ಎರಡನೇ ಸಲ ಹೋಳಿಗೆ ಬಡಿಸಲಿಲ್ಲವಂತೆ.

ನಿಲ್ಲಿಸಿದ ಗಾಡಿಯನ್ನು ಸುಸ್ಥಿತಿಯಲ್ಲಿಡುವುದು ಓಡುವ ಗಾಡಿಯನ್ನು ಓಡಿಸುವುದಕ್ಕಿಂತ ಕಷ್ಟ. ಈ ವಿದ್ಯೆಯಲ್ಲಿ ಪಿಕಪ್ಪಣ್ಣನವರು ಪಂಡಿತರು, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಮೊದಮೊದಲು ಅವರೂ ಎಲ್ಲರಂತೆ ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಿದ್ದರು. ಎರಡನೇ ಮಹಡಿಯ ನೈಟ್ ಶಿಫ್ಟ್ ಹುಡುಗರು ಹೊಗೆ ಕುಡಿದು ನಿದ್ದೆಗೆಟ್ಟರು, ಬ್ಯಾಟರಿಯೂ ಹೋಯಿತು. ದೊಮ್ಮಸಂದ್ರದ ಮೆಕ್ಯಾನಿಕ್ಕು ಬಂದು ಬೈದ: "ಅಣ್ಣೋ, ಡೀಸೆಲ್ ಗಾಡಿಗೆ ಒಂದು ಸೆಲ್ಫ್ ಹೊಡೆದರೆ ನೂರಾರು ಆಂಪಿಯರ್ ಎಳ್ಕೊಂತದೆ. ಐದು ನಿಮಿಷ ನಿಂತಲ್ಲೇ ಗುರುಗುಟ್ಟಿದರೆ ಅಷ್ಟು ವಾಪಸ್ ತುಂಬಲ್ಲ. ಎಂಜಿನ್ನೂ ಬಿಸಿಯಾಗಲ್ಲ, ಸೈಲೆನ್ಸರ್‌ನಾಗೆ ನೀರು ನಿಂತು ತುಕ್ಕು ಹಿಡೀತದೆ. ಓಡ್ಸು, ಇಲ್ಲಾಂದ್ರೆ ಟರ್ಮಿನಲ್ ಬಿಚ್ಚಿ ಮಡಗು."

ಅಂದಿನಿಂದ ಟರ್ಮಿನಲ್ ಬಿಚ್ಚುವುದು ಸಂಧ್ಯಾವಂದನೆಯ ಗಾಂಭೀರ್ಯದಿಂದ ನಡೆಯುತ್ತದೆ. ಮೊದಲು ಮೈನಸ್ಸು, ಆಮೇಲೆ ಪ್ಲಸ್ಸು. ಹಾಕುವಾಗ ತಿರುಗಾಮುರುಗಾ. ಪಿಜಿಯ ಎಲೆಕ್ಟ್ರಿಷಿಯನ್ ಮರೆತುಹೋದ ಮೀಟರು ಈಗ ಅವರ ಅಂಗಿಜೇಬಿನ ಖಾಯಂ ನಿವಾಸಿ. 12.6 ವೋಲ್ಟ್ ತೋರಿಸಿದರೆ ಮನೆಯಲ್ಲಿ ಎಲ್ಲರೂ ಕ್ಷೇಮ. 12.4ಕ್ಕಿಂತ ಕೆಳಗಿಳಿದರೆ ಚಾರ್ಜರು ಬರುತ್ತದೆ, ಕಾಫಿ ತಣ್ಣಗಾಗುತ್ತದೆ, ಹೆಂಡತಿ ಯಾಕೆ ಮಾತಾಡಿಸುವುದಿಲ್ಲವೆಂದು ಅವರಿಗೆ ಗೊತ್ತಾಗುವುದಿಲ್ಲ.

ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಎಳೆದಿಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಂಡುಬಿಡುತ್ತದೆ. ಗಾಡಿಯನ್ನು ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಬೇಕು. ಕಲ್ಲು ಯಾವುದು ಅಂದಿರಿ? ಹಳೇ ತೊಟ್ಟಿಮನೆ ಕೆಡವಿದಾಗ ಉಳಿದ ಒರಳಿನ ರುಬ್ಬುಗುಂಡು. ಅವರ ತಾಯಿಯ ಕಾಲದ್ದು, ಮನೆಯಾಕೆ ಮಿಕ್ಸಿ ಕೆಟ್ಟಾಗೆಲ್ಲ ಅದನ್ನು ಕೇಳುತ್ತಾರೆ. "ಗಾಡಿ ಜಾರ್ತದೆ ಕಣೇ," ಎನ್ನುತ್ತಾರೆ ಇವರು, ಗ್ರಾನೈಟ್ ಹಾಸಿದ ಮಟ್ಟಸ ನೆಲದ ಮೇಲೆ ನಿಂತು.

ಟೈರುಗಳ ಜಾತಕ ಅವರಿಗೆ ಬಾಯಿಪಾಠ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಕೊರೆದಿರುತ್ತವಲ್ಲ, ಮೊದಲೆರಡು ಹುಟ್ಟಿದ ವಾರ, ಮಿಕ್ಕೆರಡು ವರ್ಷ. 3218 ಎಂದರೆ 2018ರ ಮೂವತ್ತೆರಡನೇ ವಾರ. ಮೊಮ್ಮಗಳ ಹುಟ್ಟುಹಬ್ಬ ಕೇಳಿದರೆ ಒಳಗೆ ಹೋಗಿ ವಿಚಾರಿಸಿ ಬರುತ್ತಾರೆ. ಒಂದೇ ಮಗ್ಗುಲಲ್ಲಿ ಭಾರ ಹೊತ್ತರೆ ಟೈರು ಅಲ್ಲೇ ಚಪ್ಪಟೆಯಾಗುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ವಾರಕ್ಕೊಮ್ಮೆ ಕಾಲು ಸುತ್ತು ಸರಿಸುತ್ತಾರೆ. ತಳ್ಳುವುದಕ್ಕೆ ಆ ವಾರ ಬಾಡಿಗೆ ತಡಮಾಡಿದ ಹುಡುಗರನ್ನು ಕರೆಯುತ್ತಾರೆ. ಎಂಜಿನ್ ಆಯಿಲ್ಲನ್ನು ಕಿಲೋಮೀಟರು ನೋಡಿ ಬದಲಿಸುವುದು ಓಡುವವರ ಲೆಕ್ಕ. ನಿಂತ ಗಾಡಿಗೆ ವರ್ಷಕ್ಕೊಮ್ಮೆ. ಹಾಗೆ ತೆಗೆದ ಆಯಿಲ್ಲು ಹೊಸದರಷ್ಟೇ ಕಾಣುತ್ತದೆಂದು ಮೆಕ್ಯಾನಿಕ್ಕು ಕ್ಯಾನಿನಲ್ಲಿ ತುಂಬಿಕೊಂಡು ಹೋಗುವಾಗ ಅವನ ಮುಖದ ಕಳೆ ನೋಡಬೇಕು.

ಡೀಸೆಲ್ ಟ್ಯಾಂಕು ಯಾವತ್ತೂ ಕಂಠಮಟ್ಟ. ಖಾಲಿ ಜಾಗವಿದ್ದರೆ ಗಾಳಿಯ ತೇವ ಒಳಗೆ ನೀರಾಗಿ ತಳಕ್ಕಿಳಿಯುತ್ತದೆ. ಹಾಗಿದ್ದೂ ಇಳಿದ ನೀರನ್ನು ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಬಸಿಯುತ್ತಾರೆ. ಇದು ಶಾಸ್ತ್ರ. ಇದರಲ್ಲೊಂದು ಸುಖವೂ ಇದೆ. 2024ರ ಜೂನ್‌ನಲ್ಲಿ ರಾಜ್ಯದಲ್ಲಿ ಡೀಸೆಲ್ ಲೀಟರಿಗೆ ಮೂರು ರೂಪಾಯಿ ಏರಿದಾಗ, 2025ರ ಏಪ್ರಿಲ್‌ನಲ್ಲಿ ಮತ್ತೆ ಎರಡು ರೂಪಾಯಿ ಏರಿದಾಗ, ಊರೆಲ್ಲ ಶಾಪ ಹಾಕುತ್ತಿದ್ದರೆ ಪಿಕಪ್ಪಣ್ಣನವರು ಟ್ಯಾಂಕಿನ ಮುಚ್ಚಳ ಸವರುತ್ತ, "ನಮ್ಮದರಾಗಿರೋದೆಲ್ಲ ಹಳೇ ರೇಟಿಂದು," ಎಂದರು. ಅದನ್ನು ಸುಡುವ ಉದ್ದೇಶವೇ ಇಲ್ಲದ ಮೇಲೆ ಲಾಭವೆಲ್ಲಿ ಎಂದು ಕೇಳಲು ಅಲ್ಲಿ ಯಾರಿಗೂ ಧೈರ್ಯವಾಗಲಿಲ್ಲ.

ಇಲಿಗಳ ವಿಷಯ ಕೇಳಲೇಬಾರದು. ಪಿಜಿಯ ಹುಡುಗರು ಬಿಸಾಡುವ ಚಪಾತಿಗೆ ಬಂದ ಇಲಿ, ಊಟದ ಮೇಲೆ ವಯರಿಂಗ್ ಕಡಿಯುತ್ತದೆ. ಅದಕ್ಕೇ ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಕಟ್ಟು ನೇತಾಡುತ್ತದೆ, ಮೂಲೆಮೂಲೆಗೆ ನುಸಿಗುಳಿಗೆ. ಬಾನೆಟ್ ಎತ್ತಿದರೆ ಅಜ್ಜಿಯ ಟ್ರಂಕಿನ ವಾಸನೆ ಬರುತ್ತದೆ.

ಇಷ್ಟು ಮುತುವರ್ಜಿಯ ಗಾಡಿಯನ್ನು ಯಾರಾದರೂ ಕೇಳಿದರೆ ಕೊಡುತ್ತಾರೆಯೇ? ಗಣೇಶ ಕೂರಿಸುವ ಹುಡುಗರು ಬಂದಾಗ ಇನ್ಶೂರೆನ್ಸ್ ಮುಗಿದಿತ್ತು. ಷಡ್ಡಕ ಸಿಮೆಂಟು ತರಲು ಕೇಳಿದಾಗ ಕ್ಲಚ್ಚು ಹಿಡಿದಿತ್ತು. ಆದರೆ ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಪಾನಕ ಸಾಗಿಸಬೇಕೆಂದಾಗ ಇಲ್ಲವೆನ್ನಲಾಗಲಿಲ್ಲ. ನೂರಡಿ ಮೀರಿದ ತೇರುಗಳು ಊರೂರಿಂದ ಹೊರಟು ಬರುವ ಜಾತ್ರೆ ಅದು, ಅಮ್ಮನೆದುರು ಕ್ಲಚ್ಚಿನ ನೆಪ ನಡೆಯುವುದಿಲ್ಲ. ತಾವೇ ಓಡಿಸಿಕೊಂಡು ಹೋದರು. ಬೆಲ್ಲದ ನೀರು ಬಾಡಿಯ ಸಂದಿಗಿಳಿದು ಇರುವೆ ಹತ್ತಿತು. ಯುಗಾದಿವರೆಗೂ ಪೈಪು ಹಿಡಿದು ತೊಳೆದದ್ದೇ ತೊಳೆದದ್ದು. ಬೇಸಗೆಯಲ್ಲಿ ನೀರಿನ ಟ್ಯಾಂಕರಿನ ಖರ್ಚು ಹೆಚ್ಚಾಯಿತೆಂದು ಪ್ರತಿ ರೂಮಿಗೂ ಮೇಂಟೆನೆನ್ಸ್ ಏರಿತು. ಪಾನಕ ಕುಡಿಯದ ನಾವೂ ಕೊಟ್ಟೆವು.

ವರ್ಷದ ದೊಡ್ಡ ಪಯಣವೆಂದರೆ ಎಫ್‌ಸಿ. ಗೂಡ್ಸ್ ಗಾಡಿಗೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ ಫಿಟ್‌ನೆಸ್ ತೋರಿಸಬೇಕು. ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಗಾಡಿಗೆ ಬಣ್ಣ ಹೊಡೆಸಿ, ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಚಂದಾಪುರಕ್ಕೆ ಹೊರಡುತ್ತಾರೆ. ಪಾಸಾಗಿ ಬಂದ ಸಂಜೆ ಪಿಜಿಯಲ್ಲಿ ಎಲ್ಲರಿಗೂ ಕೇಸರಿಬಾತು. ಹಿಂದಿನ ಡೋರಿನ ಮೇಲಿನ 'ರೈತನ ಮಗ' ಎಂಬ ಅಕ್ಷರಗಳಿಗೆ ಆಗ ಹೊಸ ಹಳದಿ ಬಣ್ಣ ಬೀಳುತ್ತದೆ. ಗುಟ್ಟೆಲ್ಲ ಅಲ್ಲೇ ಇದೆ. ಮದುವೆ ಸಂಬಂಧದ ಮಾತಿನಲ್ಲಿ, ಬ್ಯಾಂಕಿನ ಅರ್ಜಿಯಲ್ಲಿ ಉದ್ಯೋಗವೇನೆಂದು ಕೇಳಿದರೆ ಪಿಕಪ್ಪಣ್ಣನವರು ಇವತ್ತಿಗೂ ವ್ಯವಸಾಯ ಎಂದೇ ಹೇಳುವುದು. ಪಹಣಿಯಿಂದ ಹೆಸರು ಹೋಗಿದೆ, ಆರ್‌ಸಿಯಲ್ಲಿ ಉಳಿದಿದೆ.

ಇವರಿಗೊಬ್ಬ ಜೋಡಿ ಸಿಕ್ಕಿದ್ದಾನೆ. ಆ ಕ್ಲಬ್‌ಹೌಸಿನ ಅಪಾರ್ಟ್‌ಮೆಂಟಿನಲ್ಲಿರುವ ಸಾಫ್ಟ್‌ವೇರ್ ಹುಡುಗ. ಅವನದು ಇಸುಜು ವಿ-ಕ್ರಾಸ್, ಬಿಳಿ ಬೋರ್ಡು, ಈವರೆಗೆ ಒಂದು ಈರುಳ್ಳಿಯನ್ನೂ ಹೊರದ ಪಿಕಪ್ಪು. ಮಾಲೂರು ಕಡೆ ಕಾಲೆಕರೆ ಫಾರ್ಮ್ ಬುಕ್ ಮಾಡಿದ್ದಾನೆ, ರಿಜಿಸ್ಟ್ರಿ ಆಗಬೇಕಷ್ಟೆ. ಆಫೀಸು ಮನೆಯೆಂದು ಟ್ರಾಫಿಕ್ಕಿನಲ್ಲಿ ತೆವಳಿ ತೆವಳಿ ಅವನ ಗಾಡಿಯ ಮಸಿ ಸೋಸುವ ಫಿಲ್ಟರು ಕಟ್ಟಿಕೊಂಡು ಲೈಟು ಹೊತ್ತಿಕೊಳ್ಳುತ್ತದೆ. ಬಿಎಸ್ 6 ಡೀಸೆಲ್ಲಿನ ಆ ಮಸಿ ಸುಟ್ಟುಹೋಗಬೇಕಾದರೆ ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಹೀಗಾಗಿ ಅಪರೂಪಕ್ಕೊಂದು ಭಾನುವಾರ ಬೆಳಗಿನ ಜಾವ ಇಬ್ಬರೂ ಹೊರಡುತ್ತಾರೆ. ಮುಂದೆ ಭೂಮಿ ಹೋದವರ ಪಿಕಪ್ಪು, ಹಿಂದೆ ಭೂಮಿ ಬರಬೇಕಾದವನದು, ಎರಡೂ ಖಾಲಿ, ಅತ್ತಿಬೆಲೆ ತನಕ. ಅಲ್ಲಿ ಇಡ್ಲಿ ತಿಂದು, ಪರಸ್ಪರರ ಟೈರು ಒದ್ದು ನೋಡಿ, ಹಿಂತಿರುಗುತ್ತಾರೆ. "ಅಂಕಲ್, ಟೊಮೆಟೊಗೆ ಎಷ್ಟು ನೀರು ಬೇಕು?" ಎಂದು ಅವನು ಕೇಳುತ್ತಾನೆ. ಇವರು ಹೇಳುವಾಗ ಇಡ್ಲಿ ಆರಿ ಕಲ್ಲಾಗುತ್ತದೆ.

ಮೊನ್ನೆ ಆಷಾಢ ಕಳೆದ ಮೇಲೆ ಮಗಳು ವರ್ತೂರಿನ ಬಾಡಿಗೆ ಮನೆಗೆ ಹೋಗುವುದಿತ್ತು. ಮಂಚ, ಬೀರು, ಫ್ರಿಜ್ಜು. ಮನೆಯಲ್ಲೇ ಗಾಡಿ ಇದೆಯಲ್ಲ ಎಂದು ಮಗಳು ಬಾಯಿ ತೆರೆಯುವಷ್ಟರಲ್ಲಿ ಪಿಕಪ್ಪಣ್ಣನವರು ಫೋನಿನಲ್ಲಿ ಟಾಟಾ ಏಸ್ ಬುಕ್ ಮಾಡಿಯಾಗಿತ್ತು. "ಬೀರು ತಾಗಿ ಬಣ್ಣ ಹೋದ್ರೆ ಎಫ್‌ಸಿಗೆ ತೊಂದರೆ ಆಯ್ತದಮ್ಮ." ಬಂದ ಡ್ರೈವರ್ ಹುಡುಗ ಮಂಚದ ಕಾಲು ಹಿಡಿದವನು ಪಿಕಪ್ಪಿನ ಕಡೆ ಗಲ್ಲ ಎತ್ತಿ, "ಯಜಮಾನ್ರೇ, ಇದೇನು, ಕೆಟ್ಟೋಗದಾ?" ಎಂದುಬಿಟ್ಟ.

ಮಂಚ ಮೆಟ್ಟಿಲ ಮೇಲೇ ನಿಂತಿತು. ಪಿಕಪ್ಪಣ್ಣನವರು ಒಳಗಿಂದ ಸ್ಪ್ಯಾನರ್ ತಂದರು, ಪ್ಲಸ್ಸು ಹಾಕಿದರು, ಮೈನಸ್ಸು ಹಾಕಿದರು, ಒಂದೇ ಸೆಲ್ಫಿಗೆ ಎಬ್ಬಿಸಿದರು. ಬಾನೆಟ್ ಎತ್ತಿ ಹೊಗೆಸೊಪ್ಪು ತೋರಿಸಿದರು. ಟೈರಿನ ವಾರ, ವರ್ಷ ಓದಿಸಿದರು. ಹುಡುಗ ಪಾಪ, ಆಸಕ್ತಿಯಿಂದಲೇ ನೋಡಿದ.

"ಇವ್ರೇ, ವೇಟಿಂಗ್ ಚಾರ್ಜು ಏರ್ತಾ ಐತೆ," ಎಂದು ಮೇಲಿಂದ ಮನೆಯಾಕೆ ಕೂಗಿದರು.

"ಏರಲಿ ಬಿಡೇ," ಎಂದು ಪಿಕಪ್ಪಣ್ಣನವರು ಕೈ ಒರೆಸಿಕೊಳ್ಳುತ್ತ ಏಸ್ ಕಡೆ ನಡೆದರು. "ನಿಂದು ಬ್ಯಾಟರಿ ಯಾವ ವರ್ಷದ್ದಪ್ಪ? ಎಂಜಿನ್ನು ಸೀಟಿನ ಕೆಳಗೆ ತಾನೆ? ಎತ್ತು, ನೋಡಾನ."